ಕೇಳಬಾರದ ಪ್ರಶ್ನೆ

ಒಬ್ಬ ಪಾಳೇಗಾರ ಊರ ಬಾವಿಗೆ ಬೇಲಿ ಹಾಕಿಸಿ, ನೀರನ್ನೆಲ್ಲ ತನ್ನ ಹೂದೋಟಕ್ಕೆ ತಿರುಗಿಸಿಕೊಂಡ. "ಯಾಕೆ ದೊರೆ?" ಎಂದು ಕೇಳಿದವಳು ಕುಂಬಾರರ ತಿಪ್ಪವ್ವ ಒಬ್ಬಳೇ. ಅವಳನ್ನು ಸೆರೆಗೆ ಎಳೆದೊಯ್ದರು. ಊರವರು ಬಾಗಿಲ ಸಂದಿಯಿಂದ ನೋಡಿದರು. ಡಂಗುರ ಸಾರುವವನೂ ನೋಡಿ ಸುಮ್ಮನಿದ್ದ.

ಮರುದಿನ ಪಾಳೇಗಾರ ಅವನನ್ನು ಕರೆಸಿದ. "ಕೇಳಬಾರದ್ದನ್ನು ಯಾರೂ ಕೇಳಕೂಡದು ಅಂತ ಸಾರು. ಕೇಳಿದವರಿಗೆ ಸೆರೆಮನೆ."

ಅವನು ಓಣಿ ಓಣಿಯಲ್ಲೂ ನಿಂತು ತಮಟೆ ಬಡಿದ. "ಕೇಳ್ರಪ್ಪೋ ಕೇಳಿ! ಊರ ಬಾವಿಗೆ ಬೇಲಿ ಯಾಕೆ ಅಂತ ಯಾರೂ ಕೇಳಬಾರದು! ಮಕ್ಕಳು ಬಾಯಾರಿರುವಾಗ ದೊರೆಯ ಮಲ್ಲಿಗೆಗೆ ನೀರು ಯಾಕೆ ಅಂತ ಕೇಳಬಾರದು! ತಿಪ್ಪವ್ವನನ್ನು ಎಳೆದೊಯ್ಯುವಾಗ ನಾವೆಲ್ಲ ಯಾಕೆ ಸುಮ್ಮನಿದ್ದೆವು ಅಂತ ಕೇಳಲೇಬಾರದು!"

ಕೊನೆಯ ಮಾತಿಗೆ ಕೇಳಿಸಿಕೊಂಡವರು ತಲೆ ತಗ್ಗಿಸಿದರು.

ಪಾಳೇಗಾರ ಕೆಂಡಾಮಂಡಲವಾದ. "ಏನೋ ಇದು?"

"ಏನು ಕೇಳಬಾರದು ಅಂತ ಹೇಳದಿದ್ರೆ ಜನ ಅಪ್ಪಿತಪ್ಪಿ ಕೇಳಿಬಿಡ್ತಾರಲ್ಲ ಬುದ್ದಿ. ಇವುಗಳಲ್ಲಿ ಯಾವುದನ್ನ ಕೇಳಬಹುದು ಅಂತ ಅಪ್ಪಣೆಯಾಗಲಿ, ಅದನ್ನೂ ಸಾರಿ ಬರ್ತೀನಿ."

ಅಷ್ಟರಲ್ಲಿ ಊರವರೆಲ್ಲ ಖಾಲಿ ಕೊಡ ಹೊತ್ತು ಬಂದು ಸೆರೆಮನೆಯ ಮುಂದೆ ಕುಳಿತರು. ಯಾರೂ ಏನೂ ಕೇಳಲಿಲ್ಲ. ಕೇಳದವರನ್ನು ಯಾವ ತಪ್ಪಿಗೆ ಹಿಡಿಯುವುದು? ಸಂಜೆಯ ಹೊತ್ತಿಗೆ ಪಾಳೇಗಾರ ಬೇಲಿ ಕೀಳಿಸಿ, ತಿಪ್ಪವ್ವನನ್ನು ಬಿಡಿಸಿದ.

ಹೊರಗೆ ಬಂದ ತಿಪ್ಪವ್ವ ಜನರನ್ನು ಕಂಡು ಬೆರಗಾದಳು. "ಊರಲ್ಲಿ ಇಷ್ಟೊಂದು ಜನ ಇದ್ದೀರಾ? ನಾನೊಬ್ಬಳೇ ಅಂದ್ಕೊಂಡಿದ್ದೆ."

ಡಂಗುರ ಸಾರಿದವನೂ ಸೇರಿ ಯಾರಿಗೂ ಅವಳ ಮುಖ ನೋಡಲಾಗಲಿಲ್ಲ.