ಗೆರೆ ದಾಟಿದ ಬೋಲ್ಟು

ಕೃಷ್ಣೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಬಂದವರಿಗೆಲ್ಲ ಅಲ್ಲಿ ಊಟವಿತ್ತು. ಅದಕ್ಕೆ ಬೇಕಾದ ಜೋಳ, ಬೇಳೆ, ಸೌದೆ ಎಲ್ಲವನ್ನೂ ಒಂದು ಹಳೆಯ ಡೀಸೆಲ್ ಲಾರಿ ಹೊತ್ತು ತರುತ್ತಿತ್ತು.

ಆಶ್ರಮದ ಹಿರಿಯರು ಅಡವಯ್ಯಜ್ಜ. ಕಾವಿ ಉಡುವ ಮೊದಲು ಲಾರಿಯ ಇಂಜಿನ್ ಬಿಚ್ಚಿ ಕಟ್ಟುವುದು ಅವರ ಕಸುಬಾಗಿತ್ತು.

ಅವರ ಕೈಕೆಳಗೆ ಆ ಕೆಲಸ ಕಲಿಯುತ್ತಿದ್ದವನು ಅಮೋಘಿ. ಮಳೆಗಾಲದಲ್ಲಿ ಅವನ ಹೆಂಡತಿ ಲಕ್ಕವ್ವ ಜ್ವರ ಬಂದು ತೀರಿಕೊಂಡಿದ್ದಳು. ಮಣ್ಣು ಮಾಡಿದ ದಿನ ಅವನ ಕಣ್ಣಿಂದ ಒಂದು ಹನಿ ಬೀಳಲಿಲ್ಲ. ಆಮೇಲೂ ಬೀಳಲಿಲ್ಲ. ಗಟ್ಟಿ ಮನುಷ್ಯ ಎಂದರು ಊರವರು. ಮಗಳು ಮಾಳಿಯ ಕೈ ಹಿಡಿದುಕೊಂಡು ಅವನು ಆಶ್ರಮಕ್ಕೆ ಬಂದಿದ್ದ.

ಒಂದು ಬೆಳಿಗ್ಗೆ ಅವನು ಅಜ್ಜನ ಮುಂದೆ ಬಂದು ಕುಳಿತ.

“ಅಜ್ಜಾರ, ನನಗ ದೀಕ್ಷಾ ಕೊಡ್ರಿ.”

“ಯಾಕ?”

“ಆಸೆ ಇಲ್ಲ, ದುಃಖ ಇಲ್ಲ. ಒಳಗ ಎಲ್ಲಾ ಗಟ್ಟಿ ಆಗಿ ಕುಂತೈತಿ. ಇದು ವೈರಾಗ್ಯ ಅಲ್ಲೇನ್ರಿ?”

“ಮಾಳಿ?”

“ಲಾರಿ ಇವತ್ತ ಜೋಳ ತರಾಕ ಜತ್ತಿಗೆ ಹೊಂಟೈತಲ್ರಿ. ಅಲ್ಲಿ ಆಕಿ ಸಣ್ಣವ್ವನ ಮನಿ ಐತಿ. ಮಕ್ತುಮ್ ಮಾವ ಬಿಟ್ಟು ಬರ್ತಾನ. ಇನ್ನ ಆಕಿ ಅಲ್ಲೇ ಬೆಳೀಲಿ.”

ಅಜ್ಜ ಅವನ ಮುಖ ನೋಡಿದರು. ಆಮೇಲೆ ಎದ್ದರು.

“ಲಾರಿ ಹೋಗಬೇಕಂದ್ರ ಹೆಡ್ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಬೇಕು. ನಡಿ.”

ಹೆಡ್ ಎಂಬ ಇಂಜಿನ್ನಿನ ತಲೆಗೂ ಒಡಲಿಗೂ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇರುತ್ತದೆ. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಒಂದು ಕಡೆ ಎಣ್ಣೆ. ಒಂದನ್ನೊಂದು ಮುಟ್ಟದಂತೆ ಕಾಯುವುದು ಅದೇ. ಹಳೆಯ ಹಾಳೆ ಸುಟ್ಟಿತ್ತು. ಹಿಂದಿನ ದಿನ ಅಮೋಘಿ ಹೊಸದನ್ನು ಹಾಕಿ, ಹೆಡ್ ಕೂರಿಸಿ, ಬೋಲ್ಟುಗಳನ್ನು ಬಿಗಿದಿದ್ದ. ಪ್ರತಿ ಬೋಲ್ಟಿನ ತಲೆಯಿಂದ ಹೆಡ್ಡಿನ ಮೇಲಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದ. ಬೋಲ್ಟು ಕದಲಿದರೆ ಗೆರೆ ತುಂಡಾಗಿ ಕಾಣುತ್ತದೆ. ಸಂಜೆ ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿದ್ದರು. ಬೆಳಗಾಗುವಷ್ಟರಲ್ಲಿ ಅದು ಹೊಳೆಯ ಗಾಳಿಗೆ ಪೂರ್ತಿ ತಣ್ಣಗಾಗಿತ್ತು.

ಡ್ರೈವರ್ ಮಕ್ತುಮ್ ಬಾನೆಟ್ ಎತ್ತಿ, ಇಂಜಿನ್ನಿನ ಮೇಲಿನ ಕವರ್ ತೆಗೆದಿಟ್ಟು ಕಾಯುತ್ತಿದ್ದ. ದೀಕ್ಷೆಯ ಮಾತು ಅವನ ಕಿವಿಗೂ ಬಿದ್ದಿತ್ತು.

“ಅಜ್ಜಾರ, ದೀಕ್ಷಾ ಕೊಡೂದಿದ್ರ ಮೊದಲ ಈ ಲಾರಿಗೆ ಕೊಡ್ರಿ. ಎಣ್ಣಿ ಬಿಟ್ಟೈತಿ, ನೀರ ಬಿಟ್ಟೈತಿ, ಮೊನ್ನಿಯಿಂದ ಹಾರ್ನೂ ಬಿಟ್ಟೈತಿ.”

ಅಜ್ಜ ನಕ್ಕರು. ಅಮೋಘಿ ನಗಲಿಲ್ಲ.

ಅವನು ಬೋಲ್ಟು ತಿರುಗಿಸುವ ಪಾನಾ ತೆಗೆದುಕೊಂಡ. ಬೇಕಾದಷ್ಟು ಬಿಗಿಯಾದೊಡನೆ ಟಕ್ ಎಂದು ಸದ್ದು ಮಾಡುವ ಉದ್ದ ಹಿಡಿಯ ಪಾನಾ ಅದು. ನಡುವಿನ ಬೋಲ್ಟಿಗೆ ಹಾಕಿ ಎಳೆದ. ಟಕ್. ಗೆರೆ ಇದ್ದಂತೆಯೇ ಇತ್ತು. ಪಕ್ಕದ್ದಕ್ಕೆ ಹಾಕಿದ. ಟಕ್. ಕೊನೆಯ ಬೋಲ್ಟಿನವರೆಗೂ ಹಾಗೆಯೇ.

“ನೋಡ್ರಿ, ಒಂದೂ ಕದಲಲಿಲ್ಲ. ನಿನ್ನಿ ಎಷ್ಟ ಬಿಗಿ ಇತ್ತೋ ಇವತ್ತೂ ಅಷ್ಟ ಐತಿ.”

“ನಡುವಿಂದು ಸಡಿಲ ಮಾಡು.”

ಅಮೋಘಿ ತಪ್ಪು ಕೇಳಿದೆನೇನೋ ಎಂದುಕೊಂಡ.

“ಬಿಗಿ ಮಾಡಾಕ ಕರದು ಸಡಿಲ ಮಾಡಂತೀರಲ್ರಿ?”

“ಹೂಂ. ಸಡಿಲ ಮಾಡು.”

“ಹೆಡ್ ಮ್ಯಾಲ ಎದ್ದೀತ್ರಿ. ನಿನ್ನಿ ಮಾಡಿದ್ದೆಲ್ಲಾ ಹಾಳಾದೀತು.”

“ಬಿಚ್ಚೂದು ಒಂದ. ಉಳಿದಾವು ಹಿಡಕೊಂಡಿರ್ತಾವು. ಅದನ್ನ ಬಿಗಿ ಮಾಡಿದ ಮ್ಯಾಲ ಇನ್ನೊಂದಕ್ಕ ಕೈ ಹಾಕು.”

ಅಮೋಘಿ ಹಿಂದಕ್ಕೆ ಎಳೆದ. ಬೋಲ್ಟು ಜಗ್ಗಲಿಲ್ಲ. ಮೈಭಾರವನ್ನೆಲ್ಲ ಹಾಕಿದ. ಕಿರ್ರೆಂದು ಚೀರಿ ಅದು ತಿರುಗಿತು. ಅವನು ಹೆಡ್ಡಿನ ಕಡೆ ನೋಡಿದ. ಹೆಡ್ ಕೂತಲ್ಲೇ ಕೂತಿತ್ತು.

“ಈಗ ಬಿಗಿ ಮಾಡು.”

ಅವನು ಎಳೆದ. ಬೋಲ್ಟು ತಿರುಗಿ ಬಂದು ನಿನ್ನೆಯ ಗೆರೆಯನ್ನು ಮುಟ್ಟಿತು. ಪಾನಾ ಸದ್ದು ಮಾಡಲಿಲ್ಲ. ಅವನು ಅಜ್ಜನ ಕಡೆ ನೋಡಿದ. ಅಜ್ಜನ ಕಣ್ಣು ಬೋಲ್ಟಿನ ಮೇಲಿತ್ತು. ಇನ್ನೂ ಎಳೆದ. ಬೋಲ್ಟು ಗೆರೆ ದಾಟಿತು. ಜೋಳದ ಕಾಳಿನಷ್ಟು ಮುಂದೆ ಹೋಗಿ ನಿಂತಿತು.

ಟಕ್.

ಅಮೋಘಿ ಪಾನಾ ತೆಗೆದು ಬಗ್ಗಿ ನೋಡಿದ. ಬೋಲ್ಟಿನ ಗೆರೆ ಒಂದು ಕಡೆ, ಹೆಡ್ಡಿನ ಗೆರೆ ಇನ್ನೊಂದು ಕಡೆ.

“ಇದು ಹೆಂಗ್ರಿ? ನನ್ನ ಕೈಯಾರೆ ಬಿಗಿ ಮಾಡೀನಿ. ಆಮ್ಯಾಲ ಯಾರೂ ಮುಟ್ಟಿಲ್ಲ.”

“ಯಾರೂ ಮುಟ್ಟಿಲ್ಲ.”

“ಮತ್ತ?”

“ಬೆಂಕಿ ಹಾದು ಹೋತು. ಒಳಗಿನ ಹಾಳಿ ಕುಸದು ಕುಂತತು. ಬೋಲ್ಟ್ ಇದ್ದಲ್ಲೇ ಇತ್ತು. ಹಿಡಿತ ಹೋಗಿತ್ತು.”

“ಮೊದಲ ಸಲ ಟಕ್ ಅಂತಲ್ರಿ?”

“ತಿರುಗಲಾರದಂಗ ಸೆಟದು ನಿಂತಿತ್ತು. ಸೆಟದು ನಿಂತಿದ್ದಕ್ಕೂ ಟಕ್ ಅಂತೈತಿ, ಹಿಡದು ನಿಂತಿದ್ದಕ್ಕೂ ಟಕ್ ಅಂತೈತಿ. ಪಾನಾಕ್ಕ ಎರಡೂ ಒಂದ.”

“ಹಿಂಗ ಬಿಟ್ಟಿದ್ರ?”

“ಹೊರಿ ಹೊತ್ತು ಏರು ಹತ್ತುವಾಗ ನೀರಿನಾಗ ಬೆಂಕಿ ಇಳೀತಿತ್ತು.”

ಅಮೋಘಿ ಹೆಡ್ಡಿನ ಮೇಲೆ ಅಂಗೈ ಇಟ್ಟ. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಹೊರಗಿನಿಂದ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇತ್ತು. ಇಷ್ಟು ಗಟ್ಟಿಯಾದ ಕಬ್ಬಿಣದ ಒಳಗೆ, ಸದ್ದಿಲ್ಲದೆ, ಯಾರಿಗೂ ಕಾಣದೆ ಒಂದು ಜಾಗ ಬದಲಾಗಿಬಿಟ್ಟಿತ್ತು. ಅವನ ಮೈ ಜುಮ್ಮೆಂದಿತು.

“ನೀವು ಇದನ್ನ ಎಷ್ಟು ವರ್ಷದಿಂದ ನೋಡಾಕತ್ತೀರಿ ಅಜ್ಜಾರ?”

“ನೀ ಹುಟ್ಟೂಕಿಂತ ಮೊದಲಿಂದ,” ಎಂದು ಅಜ್ಜ ಮುಂಗೈ ಚಾಚಿದರು. ಅದರ ಮೇಲಿನ ಬಿಳಿ ರೋಮಗಳು ನೆಟ್ಟಗೆ ನಿಂತಿದ್ದವು. “ನೋಡು, ಇನ್ನೂ.”

ಅಮೋಘಿ ಮುಂದುವರಿಸಿದ. ನಡುವಿನಿಂದ ಹೊರಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿಯೊಂದೂ ಚೀರಿ ಸಡಿಲವಾಯಿತು. ಪ್ರತಿಯೊಂದೂ ಗೆರೆ ದಾಟಿತು. ಕೆಲವು ಜೋಳದಷ್ಟು, ಕೆಲವು ಎಳ್ಳಿನಷ್ಟು.

ಆಗ ಮಾಳಿ ಬಂದಳು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಬಾಚಣಿಗೆ. ಕೂದಲು ಬಿಚ್ಚಿಕೊಂಡಿತ್ತು.

“ಅಪ್ಪಾ, ಜತ್ತಿನ ಸಣ್ಣವ್ವಗ ಹೆಳಲ ಹಾಕಾಕ ಬರ್ತೈತೇನು?”

“ಬರ್ತೈತಿ.”

“ಅವ್ವ ಹಾಕಿದಂಗ? ನೋಯಿಸದಂಗ?”

ಅಮೋಘಿ ಒಂದು ಬೋಲ್ಟನ್ನು ಆಗಷ್ಟೇ ಸಡಿಲಿಸಿದ್ದ. ಪಾನಾ ಹಿಡಿದ ಕೈ ಅಲ್ಲೇ ನಿಂತಿತು.

“ಅಜ್ಜಾರ.” ಅವನ ಧ್ವನಿ ಸಣ್ಣದಾಗಿತ್ತು. “ಅಂಜಿಕಿ ಬರಾಕತ್ತೈತ್ರಿ. ಒಮ್ಮೆ ಬಿಟ್ಟೆ ಅಂದ್ರ ಪೂರ್ತಿ ಬಿಚ್ಚಿ ಹೋಗತೇನಿ ಅನಸತೈತಿ.”

ಅಜ್ಜ ಅವನ ಹಿಂದೆ ಬಂದು ಬೆನ್ನಿಗೆ ಅಂಗೈ ಇಟ್ಟು ನಿಂತರು. ಮಕ್ತುಮ್ ಆಚೆ ಕಡೆಯಿಂದ ಬಂದು ಭುಜ ಹಿಡಿದುಕೊಂಡ.

ಅಮೋಘಿ ತಣ್ಣನೆಯ ಕಬ್ಬಿಣಕ್ಕೆ ಹಣೆ ಹಚ್ಚಿದ. ಮೊದಲು ಅವನಿಂದ ಬಂದದ್ದು ಅಳುವಿನಂತಿರಲಿಲ್ಲ, ಬಹಳ ದಿನ ತಿರುಗದೆ ಇದ್ದದ್ದು ತಿರುಗಿದ ಸದ್ದಿನಂತಿತ್ತು. ಆಮೇಲೆ ಅಳು ಬಂತು. ಲಕ್ಕವ್ವನ ಹೆಸರು ಬಂತು.

ಮಾಳಿ ಚೀಲವನ್ನು ನೆಲಕ್ಕಿಟ್ಟಳು. ಅಪ್ಪ ಅಳುವುದನ್ನು ಅವಳು ಎಂದೂ ಕಂಡಿರಲಿಲ್ಲ. ಹೊಳೆಗೆ ಹೊಸ ನೀರು ಬಂದಾಗ ದಂಡೆಯಲ್ಲಿ ನಿಂತು ನೋಡುವಂತೆ, ಕಣ್ಣರಳಿಸಿ ನೋಡುತ್ತ ನಿಂತಳು.

ಯಾರೂ ಅವಸರ ಮಾಡಲಿಲ್ಲ.

ಕೊನೆಗೆ ಅಮೋಘಿ ತೋಳಿನಿಂದ ಮುಖ ಒರೆಸಿಕೊಂಡ. ಕೆನ್ನೆಗೆ ಗ್ರೀಸು ಮೆತ್ತಿತು. “ಇದು ಅರ್ಧಕ್ಕ ನಿಂತೈತ್ರಿ,” ಎಂದು ಆ ಬೋಲ್ಟನ್ನು ಬಿಗಿದ. ಉಳಿದವನ್ನೂ ಮುಗಿಸಿದ. ವಾಲ್ವುಗಳ ಸಂದು ಸರಿಪಡಿಸಿ ಕವರ್ ಮುಚ್ಚಿದ. ಮಕ್ತುಮ್ ಇಂಜಿನ್ ಚಾಲೂ ಮಾಡಿದ. ಅದು ತುಂಬಿದ ಸದ್ದಿನಲ್ಲಿ ಓಡತೊಡಗಿತು.

“ಹುಡುಗೀನ ಹತ್ತಸೋ,” ಎಂದ ಮಕ್ತುಮ್.

ಅಮೋಘಿ ನೆಲದ ಮೇಲಿದ್ದ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ.

“ಜೋಳ ಅಷ್ಟ ತಗೊಂಡ ಬಾ ಮಾವಾ.”

“ಸಣ್ಣವ್ವ ಕೇಳಿದ್ರ?”

“ಅಪ್ಪ ಕಳಸಲಿಲ್ಲಂತ ಹೇಳು.”

ಲಾರಿ ದಂಡೆಯ ಏರು ಹತ್ತಿ ಮರೆಯಾಯಿತು. ಅಮೋಘಿ ಹೊಳೆಗೆ ಇಳಿದು, ಮರಳಿನಿಂದ ಕೈ ತಿಕ್ಕಿ ತೊಳೆದುಕೊಂಡು ಬಂದ. ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತ.

“ದೀಕ್ಷಾ ಕೇಳಾಕ ಬಂದಿದ್ದೆ ಅಜ್ಜಾರ. ಇನ್ನ ನನಗೇನ ಕೊಡ್ತೀರಿ?”

ಅಜ್ಜ ಮಾಳಿಯ ಕೈಯಿಂದ ಬಾಚಣಿಗೆ ಇಸಿದುಕೊಂಡು ಅವನ ಕೈಯಲ್ಲಿಟ್ಟರು.

“ಇದು ನನಗ ಬರೂದಿಲ್ರಿ.”

“ಮೊದಲನೇ ದಿನ ಸೊಟ್ಟ ಆಗತೈತಿ. ನಾಳೆ ಬಿಚ್ಚಿ, ಮತ್ತ ಹಾಕು.”