ಚಿಕ್ಕೀರ ತುಂಬಿಸಿ ತಂದ ಚಿರತೆ

ಈ ಕತೆ ನನಗೆ ಮೊದಲು ಹೇಳಿದವಳು ನಮ್ಮ ಹಾಸ್ಟೆಲಿನಲ್ಲಿ ಮುದ್ದೆ ತಿರುವುತ್ತಿದ್ದ ಪುಟ್ಟನಂಜಮ್ಮ. ಮುದ್ದೆಕೋಲು ನಿಲ್ಲಿಸದೆಯೇ ಹೇಳಿದಳು.

ಒಂದೂರಲ್ಲಿ ಚಿಕ್ಕೀರ ಅಂತ ಒಬ್ಬ. ಆಳೆತ್ತರ ಬೆಳೆದಿದ್ದ, ತಿಳಿವಳಿಕೆ ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಅವನವ್ವ ಮರಿಸಿದ್ದಮ್ಮ ಪಟೇಲರ ಮನೆಯ ಕಸಮುಸುರೆ ಮಾಡಿಕೊಂಡು, ಅವರ ಹಿತ್ತಲ ಕೋಣೆಯಲ್ಲೇ ಇದ್ದಳು.

"ಇವನಿಗೊಂದು ಕೆಲಸ ಆದ್ರೆ ನಾನು ಕಣ್ಣು ಮುಚ್ತೀನಿ ಶಿವನೇ" ಅನ್ನುವಳು.

"ಹಂಗಾದ್ರೆ ಕೆಲಸ ಬ್ಯಾಡ ಕಣವ್ವಾ, ಕಣ್ಣು ಬಿಟ್ಕೊಂಡೇ ಇರು!" ಅನ್ನುವನು.

ಬೇಟೆಗೆ ಅಡ್ಡಿಯಿಲ್ಲದ ಕಾಲ. ಪಟೇಲ ಕೆಂಪರಾಜಪ್ಪನವರು ಒಂದು ಚಿರತೆ ಹೊಡೆದರು. ಬಂದೂಕಿನ ತೋಟಾ ಚೀಲ ಹೊತ್ತು ಜೊತೆಗೆ ಹೋಗಿದ್ದವನು ಚಿಕ್ಕೀರ ಒಬ್ಬನೇ. ಊರಿಗೆ ಬಂದ ಪಟೇಲರು ಸಿಕ್ಕಿದವರಿಗೆಲ್ಲ ಹೇಳಿದರು: "ಎದೆ ಮೇಲಕ್ಕೇ ಎಗರಿ ಬಂತು ಕಣ್ರೋ!"

ಪಟೇಲರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಅಷ್ಟರೊಳಗೆ ಚಿರತೆ ಪಡಸಾಲೆಯಲ್ಲಿರಬೇಕು. ಮಿಕ್ಕ ಆಳುಗಳೆಲ್ಲ ಕಣದಲ್ಲಿದ್ದರು. ಉಪ್ಪು ಹಚ್ಚಿದ ತೊಗಲನ್ನು ಪಟೇಲರು ಚಿಕ್ಕೀರನ ತಲೆಗೇ ಹೊರಿಸಿದರು.

"ಪ್ಯಾಟೇಲಿ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸೋರಿದ್ದಾರೆ. ಒಳ್ಳೆಯವನನ್ನ ಆರಿಸು. ನಾನು ಹೊಡೆದ ಗಳಿಗೇಲಿ ಹೆಂಗಿತ್ತೋ ಹಂಗೇ ಆಗಬೇಕು. ಸರಿಯಾಗಿ ತಂದ್ರೆ ಕಾವಲು ಕೆಲಸ ನಿನಗೆ. ಕೆಡಿಸಿದ್ಯೋ, ನೀನೂ ನಿಮ್ಮವ್ವನೂ ಕೋಣೆ ಖಾಲಿ ಮಾಡಿ!"

ಮರಿಸಿದ್ದಮ್ಮ ಮಗನನ್ನು ಪಕ್ಕಕ್ಕೆ ಎಳೆದಳು. "ಮಗಾ, ಒಳ್ಳೆಯವನು ತುಂಬಿದ್ದು ಈಗ ಎದ್ದು ಬತ್ತದೆ ಅನ್ನಂಗಿರ್ತದೆ. ನೋಡಿ ಕೊಡು."

ಪ್ಯಾಟೆಯ ಮೊದಲ ಅಂಗಡಿಯಲ್ಲೊಂದು ಹುಲ್ಲು ತುಂಬಿದ ಜಿಂಕೆ. ಚಿಕ್ಕೀರ ಎದುರಿಗೇ ಕೂತ. "ಬಾ" ಅಂದ. ಬರಲಿಲ್ಲ. ಹುಲ್ಲು ತೋರಿಸಿದ. ಬರಲಿಲ್ಲ. ಹೊತ್ತು ಮುಳುಗಿತು. "ಥೂ, ಸೋಮಾರಿ ಜಿಂಕೆ!" ಅಂತ ಬೈದು ತೊಗಲು ಹೊತ್ತು ಮನೆಗೆ ಬಂದ.

"ಅಯ್ಯೋ ನನ್ನ ಹಣೆಬರವೇ! ಸತ್ತ ಜಿಂಕೆ ಬತ್ತದೇನೋ? ಕಾಯಬ್ಯಾಡ. ಕೂದಲು ಹಿಡಿದು ಎಳೆದು ನೋಡು. ಕಿತ್ತು ಬರದಿದ್ರೆ ಒಳ್ಳೆ ಕೆಲಸ."

"ಆಯ್ತವ್ವಾ, ಕಾಯಲ್ಲ, ಎಳೀತೀನಿ!"

ಎರಡನೇ ಅಂಗಡಿಯವನು ತಲೆ ಬಗ್ಗಿಸಿ ಕರಡಿಯ ಹೊಟ್ಟೆ ಹೊಲಿಯುತ್ತಿದ್ದ. ಚಿಕ್ಕೀರ ಕಾಯಲಿಲ್ಲ. ಅವನ ಜುಟ್ಟು ಹಿಡಿದು ಎಳೆದೇಬಿಟ್ಟ!

"ಸತ್ತೆನಪ್ಪೋ!"

"ಕಿತ್ತು ಬಂತು! ನೀನು ಒಳ್ಳೆಯವನಲ್ಲ!"

ಚಿಕ್ಕೀರ ಏಟು ತಿಂದು ಬೆನ್ನು ಊದಿಸಿಕೊಂಡು ಮನೆಗೆ ಬಂದ.

"ಥೂ ನಿನ್ನ! ಎಳೆಯೋದು ಪ್ರಾಣೀದು ಕಣೋ, ಮನುಷ್ಯಂದಲ್ಲ! ತೊಗಲು ಆಗಲೇ ನಾತ ಹೊಡೀತೈತೆ. ಇನ್ನು ಯಾವುದಕ್ಕೂ ಕೈ ಹಾಕಬ್ಯಾಡ. ಕೈ ಕಟ್ಕೊಂಡು ನಿಂತ್ಕೋ. ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳು."

ಮೂರನೆಯವರು ಗಫಾರ್ ಸಾಬರು. ಚಿಕ್ಕೀರ ಹೋದವನೇ ಕೈ ಕಟ್ಟಿದ. ತಲೆ ಮೇಲಿನ ತೊಗಲು ಜಾರಿ ಸಾಬರ ಮಡಿಲಿಗೆ ಬಿತ್ತು. ಸಾಬರು ಕೂದಲು ಸವರಿ ನೋಡಿದರು.

"ಹೇಗೆ ಮಾಡಲಪ್ಪಾ?"

"ಹೊಡೆದ ಗಳಿಗೇಲಿ ಹೆಂಗಿತ್ತೋ ಹಂಗೆ."

"ಹೇಗಿತ್ತು?"

ಚಿಕ್ಕೀರ ಇದ್ದದ್ದು ಇದ್ದ ಹಾಗೆ ಹೇಳಿದ. ಸಾಬರು ಗಡ್ಡದೊಳಗೇ ನಕ್ಕು ಕೆಲಸಕ್ಕೆ ಕೂತರು.

ಗಂಡಿನವರು ಬಂದ ಹೊತ್ತಿಗೇ ಚಿಕ್ಕೀರನೂ ಕಂಬಳಿ ಮುಚ್ಚಿದ ಚಿರತೆಯನ್ನು ಹೊತ್ತು ತಂದು ಇಳಿಸಿದ. ಪಡಸಾಲೆ ತುಂಬಿತು. "ನನ್ನ ಮೇಲೆ ಎಗರಿ ಬಂದ ಚಿರತೆ, ನೋಡಿ!" ಪಟೇಲರು ಮುಚ್ಚಿದ್ದ ಕಂಬಳಿ ಎಳೆದರು.

ಚಿರತೆ ಮುಂಗಾಲ ಮೇಲೆ ತಲೆಯಿಟ್ಟು, ಬಾಲ ಸುತ್ತಿಕೊಂಡು, ಸುಖವಾಗಿ ನಿದ್ದೆ ಮಾಡುತ್ತಿತ್ತು. ಎಂಥ ಕೆಲಸ! ಹೊಟ್ಟೆ ಉಸಿರಾಡುತ್ತಿದೆಯೇನೋ ಅನ್ನುವಂತಿತ್ತು.

ಗಂಡಿನ ಅಜ್ಜಿ ಬಗ್ಗಿ ನೋಡಿತು. "ಎಗರಿ ಬಂದದ್ದು ಇದೇಯೇನಪ್ಪಾ?"

"ಲೇ ಚಿಕ್ಕೀರಾ!" ಪಟೇಲರು ಗುಡುಗಿದರು. ಬಾಗಿಲ ಹಿಂದೆ ಮರಿಸಿದ್ದಮ್ಮ ಆಗಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟುತ್ತಿದ್ದಳು.

ಚಿಕ್ಕೀರ ತುಟಿಗೆ ಬೆರಳಿಟ್ಟು ಓಡಿ ಬಂದ. "ಶ್! ಮೆಲ್ಲಗೆ ಬುದ್ಧೀ! ಅವತ್ತು ನೀವು ಹಿಂಗೆ ಕೂಗಲಿಲ್ಲ, ಅದಕ್ಕೇ ಅದು ಏಳಲಿಲ್ಲ!"

ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಿತು. "ಸುಳ್ಳು ಹೇಳೋಕೆ ಬರದ ಆಳು ಇರೋ ಮನೆ. ಹೆಣ್ಣು ತರೋಣ ನಡೀರಿ."

ಸಂಬಂಧ ಕುದುರಿದ ಮೇಲೆ ಪಟೇಲರು ಯಾರನ್ನು ಬೈಯುವುದು? "ಹೋಗು, ಅದನ್ನೇ ಕಾಯ್ಕೊಂಡು ಬಿದ್ದಿರು!" ಅಂದರು ಹಲ್ಲು ಕಡಿದು.

ಕಾವಲು ಕೆಲಸ ಸಿಕ್ಕೇಬಿಟ್ಟಿತು! ಚಿಕ್ಕೀರ ದೊಣ್ಣೆ ಹಿಡಿದು ಚಿರತೆಯ ಪಕ್ಕವೇ ಬಿದ್ದುಕೊಂಡ.

"ಉಣ್ಣೋಕೆ ಏಳೋ ಮಗಾ" ಅಂದಳು ಅವ್ವ.

"ನಾನೆದ್ದ ಸದ್ದಿಗೆ ಅದೂ ಎದ್ರೆ? ಇಲ್ಲಿಗೇ ತಾ. ಅದಕ್ಕೂ ಒಂದು ಮುದ್ದೆ ಇಕ್ಕು."

ಕೇಳಿದವರು ಇನ್ನೊಬ್ಬರಿಗೆ ಹೇಳಿ. ಆದರೆ ಮೆಲ್ಲಗೆ ಹೇಳಿ, ಚಿರತೆ ಮಲಗಿದೆ.