ಹಿಡಿಕೆಯ ಕಣ್ಣಿಗೆ ಬಿದ್ದ ಮಕ್ಕಳು

ಯುದ್ಧ ಕಂಡ ಹಳೆಯ ವಿಮಾನವೊಂದನ್ನು ಕೆಲವರು ಸಂಬಳವಿಲ್ಲದೆ ರಿಪೇರಿ ಮಾಡಿ ಜನರಿಗಾಗಿ ಹಾರಿಸುತ್ತಿದ್ದರು. ಭಾಗಗಳೆಲ್ಲ ಬದಲಾಗಿದ್ದವು, ಬಾಂಬು ಬೀಳಿಸುವ ಹಿಡಿಕೆ ಮಾತ್ರ ಅಂದಿನದೇ.

ವಿಮಾನದ ಹೊಟ್ಟೆಯ ಬಾಗಿಲಿಗೆ ಹೊಸದಾಗಿ ಬಂದ ಚಿಲಕ ಹಾರುವಾಗ ಕೆಳಗೆ ಮಕ್ಕಳನ್ನು ಕಂಡು ಹಿಡಿಕೆಯನ್ನು ಕೇಳಿತು: “ಅಜ್ಜಾ, ನಾನು ಬಿಟ್ಟರೆ ಏನು ಬೀಳುತ್ತದೆ?”

“ಯಾವಾಗಲೂ ಬೀಳುವ ಬಾಂಬೇ. ಕೆಳಗಿನವರು ಮೊದಲು ತಲೆಯೆತ್ತಿ ನೋಡುತ್ತಾರೆ, ಆಮೇಲೆ ಓಡಿಹೋಗುತ್ತಾರೆ. ನೀನು ಸುಮ್ಮನೆ ಬಿಡು, ಮಗು.”

“ಸತ್ತರೂ ಬಿಡಲಾರೆ!” ಚಿಲಕ ಹಲ್ಲು ಕಚ್ಚಿ ಹಿಡಿಯಿತು.

“ತಗೊಳ್ರೋ ಮಕ್ಕಳೇ!” ಎಂದು ಪೈಲಟ್ ಮುತ್ತಮ್ಮ ಹಿಡಿಕೆ ಎಳೆದಳು. ಬಾಗಿಲು ತೆರೆಯಿತು. ಸುರಿದದ್ದು ರಿಪೇರಿಯವರೇ ತುಂಬಿದ್ದ ಚೆಂಡುಹೂವಿನ ಎಸಳು. ಚಿಲಕಕ್ಕೆ ಹೋದ ಜೀವ ಬಂತು. ಮಕ್ಕಳು ಕೈಚಾಚಿ ಓಡಿಬಂದರು.

ಹಿಡಿಕೆ ಮಾತ್ರ ನಡುಗಿತು. “ನಮ್ಮತ್ತಲೇ ಬರುತ್ತಿದ್ದಾರಲ್ಲ! ಇವರು ಅಂದು ಸತ್ತವರೇ ಇರಬೇಕು.”